ಯಂತ್ರ ಓದದ ಸಾಲುಗಳು

ಪ್ರೋಗ್ರಾಮಿನಲ್ಲಿ ಗಾಳಿಯ ಲೆಕ್ಕವಿದ್ದ ಫೈಲನ್ನು ಬುರುಲ್ ತೆರೆದದ್ದು ಐದು ವರ್ಷಗಳ ಮೇಲೆ. ಅಷ್ಟು ದಿನ ಅದನ್ನು ಮುಟ್ಟುವ ಅಗತ್ಯವೇ ಬಿದ್ದಿರಲಿಲ್ಲ. ಕೆಲವು ಫೈಲುಗಳು ಹಾಗೆಯೇ, ತಮ್ಮ ಪಾಡಿಗೆ ತಾವು ದುಡಿಯುತ್ತವೆ. ದುಡಿಯುವವರ ಕಡೆ ಯಾರು ತಿರುಗಿ ನೋಡುತ್ತಾರೆ? ಈ ಶರತ್ಕಾಲದಲ್ಲಿ ತೋ-ಅಶೂ ಘಾಟಿಯ ಮೇಲೆ ಗಾಳಿ ಅಳೆಯುವ ಹಳೆಯ ಕಂಬವನ್ನು ಕಿತ್ತು ಹೊಸದನ್ನು ನೆಟ್ಟಿದ್ದರು. ಕಂಬ ಬದಲಾದರೆ ಅದರ ಲೆಕ್ಕವೂ ಬದಲಾಗಬೇಕು. ಅದಕ್ಕೆ ತೆರೆದಳು.

ಇನ್ನೂರ ಹನ್ನೆರಡನೆಯ ಸಾಲಿನ ಹತ್ತಿರ ಅವಳು ಎಂದೂ ಕಾಣದ ಟಿಪ್ಪಣಿಯೊಂದು ಕೂತಿತ್ತು.

“ಬೆಳಕಿನ ಜೋಡಿ ಕಣಗಳಲ್ಲಿ ಒಂದಕ್ಕೆ ಏನಾದರೂ ಆದರೆ ಎಷ್ಟೇ ದೂರದಲ್ಲಿರುವ ಇನ್ನೊಂದಕ್ಕೆ ಆ ಕ್ಷಣವೇ ಗೊತ್ತಾಗುತ್ತದಂತೆ. ವಿಜ್ಞಾನಿಗಳು ಹೇಳಿದ್ದಾರೆ, ನಾನು ನಂಬುವುದಿಲ್ಲ. ಎದುರಿನ ಮೇಜಿನಲ್ಲಿ ಕೂತವಳಿಗೇ ಗೊತ್ತಾಗುತ್ತಿಲ್ಲ. ಉಳಿದುಕೋ ಅಂತ ಒಂದು ಮಾತು ಕೆಳಗೆ ಬರೆ, ಉಳಿದುಕೊಳ್ಳುತ್ತೇನೆ.”

ಕೆಳಗೆ ಏನೂ ಇರಲಿಲ್ಲ. ಗಾಳಿಯ ಲೆಕ್ಕ ಮುಂದುವರಿದಿತ್ತು.

ಇದು ಮೆದೆರ್‌ನ ಮಾತು ಎನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಒಂಬತ್ತು ವರ್ಷ ಅವನ ಎದುರಿಗೆ ಕೂತು ಕೆಲಸ ಮಾಡಿದವಳು ಅವಳು. ರಾಜಧಾನಿ ಬಿಷ್ಕೆಕ್‌ನ ಓಶ್ ಬಜಾರಿನ ಹಿಂದಿನ ಬೀದಿಯಲ್ಲಿ, ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿ, ಇಬ್ಬರೂ ಸೇರಿ ಒಂದೇ ಒಂದು ಪ್ರೋಗ್ರಾಮನ್ನು ಬರೆದು ಸಾಕಿದ್ದರು. ಘಾಟಿಗಳ ಮೇಲಿನ ಕಂಬಗಳು ಹಿಮದ ಭಾರ, ಗಾಳಿ, ಚಳಿ ಅಳೆದು ಕಳಿಸುತ್ತವೆ. ಹಿಮ ಕುಸಿಯುವ ಹಾಗಿದ್ದರೆ ರಸ್ತೆ ಮುಚ್ಚಿ ಎಂದು ಪ್ರೋಗ್ರಾಂ ಹೇಳುತ್ತದೆ. ಹೇಳಿದ್ದು ಸರಿಯಾದರೆ ಯಾರೂ ಹೊಗಳುವುದಿಲ್ಲ, ತಪ್ಪಾದರೆ ಹೆಣ ಎಣಿಸಬೇಕು. ಅಂಥ ಕೆಲಸ.

ಹನ್ನೊಂದು ಗಂಟೆಯ ಚಹಾಕ್ಕೆ ಕಚೇರಿಯಲ್ಲಿ ಲೋಕದ ವಿಜ್ಞಾನವೆಲ್ಲ ವಿಚಾರಣೆಗೆ ಬರುತ್ತಿತ್ತು. ಯಾರೋ ಬೆಳಿಗ್ಗೆ ಫೋನಿನಲ್ಲಿ ಓದಿದ ಸುದ್ದಿಯನ್ನು ಮೇಜಿಗೆ ಹಾಕುವುದು, ಮಿಕ್ಕವರು ಅದರ ಮೇಲೆ ತೀರ್ಪು ಕೊಡುವುದು. ಎಲ್ಲರಿಗಿಂತ ಹೆಚ್ಚು ತೀರ್ಪು ಮೆದೆರ್‌ನದು. ಒಮ್ಮೆ ಯಜಮಾನ ಕುಬಾತ್ ಸಿಡಿಮಿಡಿಗೊಂಡು “ಚಹಾ ಕುಡೀರಿ, ಮಂಗಳ ಗ್ರಹಕ್ಕೆ ಹೋಗಿ ಬರ್ಬೇಡಿ” ಎಂದು ಹರಟೆಗೆ ಬೀಗ ಹಾಕಿದ. ಅವತ್ತು ಮಧ್ಯಾಹ್ನದಿಂದಲೇ ಮೆದೆರ್ ತನ್ನ ಅಭಿಪ್ರಾಯಗಳನ್ನು ಪ್ರೋಗ್ರಾಮಿನೊಳಗೆ ಬರೆಯತೊಡಗಿದ.

ಅದಕ್ಕೆ ಅಲ್ಲಿ ಜಾಗವಿದೆ. ಸಾಲಿನ ತಲೆಗೆ ಒಂದು ಗುರುತು ಹಾಕಿದರೆ ಯಂತ್ರ ಆ ಸಾಲನ್ನು ಓದದೆ ದಾಟಿ ಹೋಗುತ್ತದೆ. ಪ್ರೋಗ್ರಾಂ ಬರೆಯುವವರು ಮುಂದೆ ಬರುವವರಿಗೆ “ಈ ಲೆಕ್ಕ ಹೀಗೇಕೆ” ಎಂದು ತಿಳಿಸುವುದಕ್ಕೆ ಇಟ್ಟುಕೊಂಡಿರುವ ಸೌಕರ್ಯ ಅದು. ಮೆದೆರ್ ಅಲ್ಲಿ ಬರೆದ: “ಮಂಗಳದಲ್ಲಿ ನೀರಿನ ಗುರುತು ಸಿಕ್ಕಿದೆಯಂತೆ. ನಮ್ಮ ಮೂರನೆಯ ಮಹಡಿಯ ನಲ್ಲಿಯಲ್ಲಿ ಇನ್ನೂ ಸಿಕ್ಕಿಲ್ಲ.” ಮಾರನೆಯ ಬೆಳಿಗ್ಗೆ ಬುರುಲ್ ಅದರ ಕೆಳಗೆ ಬರೆದಳು: “ಗಂಡಸರು ಲೋಟ ತೊಳೆದರೆ ತಾನೆ ಗೊತ್ತಾಗೋದು.” ಹಾಗೆ ಶುರುವಾಯಿತು. “ಪ್ರಯೋಗಾಲಯದಲ್ಲಿ ಮಾಂಸ ಬೆಳೆಸಿದ್ದಾರೆ. ಕುದುರೆ ಮಾಂಸ ಬೆಳೆಸಿ ತೋರಿಸಲಿ, ಆಮೇಲೆ ಮಾತು.” “ಹತ್ತು ವರ್ಷದಲ್ಲಿ ಪ್ರೋಗ್ರಾಂ ಬರೆಯುವವರು ಬೇಡವಂತೆ. ಹತ್ತು ವರ್ಷದ ಹಿಂದೆಯೂ ಹೀಗೇ ಅಂದಿದ್ದರು, ನಾವು ಇನ್ನೂ ಬೇಕಾಗಿದ್ದೇವೆ, ಸಂಬಳ ಮಾತ್ರ ಅದನ್ನು ನಂಬುತ್ತಿಲ್ಲ.” ಪ್ರತಿದಿನ ಬೆಳಿಗ್ಗೆ ಬುರುಲ್ ಕೋಟು ಬಿಚ್ಚುವ ಮೊದಲೇ, ನಿನ್ನೆ ಮೆದೆರ್ ಯಾವ ಫೈಲಿಗೆ ಕೈ ಹಾಕಿದ್ದಾನೆ ಎಂದು ನೋಡುತ್ತಿದ್ದಳು. ಎದುರೆದುರು ಕೂತರೂ ಈ ವಿಷಯ ಅವರು ಬಾಯಿಬಿಟ್ಟು ಆಡಲಿಲ್ಲ. ಆಡಿದ್ದರೆ ಇನ್ನೂ ಏನೇನು ಆಡಬೇಕಾಗುತ್ತಿತ್ತೋ ಎಂಬ ಹೆದರಿಕೆ ಇಬ್ಬರಿಗೂ ಇತ್ತು.

ಯಾವ ಟಿಪ್ಪಣಿಗೂ ಅವರು ಹೆಸರು ಹಾಕಲಿಲ್ಲ, ತಾರೀಖು ಹಾಕಲಿಲ್ಲ. ಬೇಕಾಗಿಯೂ ಇರಲಿಲ್ಲ. ಯಾವ ಸಾಲನ್ನು ಯಾರು, ಯಾವ ದಿನ, ಎಷ್ಟು ಗಂಟೆಗೆ ಬರೆದರು ಎಂಬ ಚರಿತ್ರೆಯನ್ನು ಪ್ರೋಗ್ರಾಂ ಇಟ್ಟ ಜಾಗವೇ ಬರೆದಿಟ್ಟುಕೊಳ್ಳುತ್ತದೆ.

ಐದು ವರ್ಷದ ಹಿಂದೆ ಮೆದೆರ್‌ನ ಊರು ಆತ್-ಬಾಶಿಯಲ್ಲಿ ಅವನ ಅಣ್ಣ ತೀರಿಕೊಂಡ. ಮೂರು ಮಕ್ಕಳು. ನಲವತ್ತನೆಯ ದಿನದ ಊಟಕ್ಕೆ ಕುರಿ ಕಡಿದು, ಹಿರಿಯರೆಲ್ಲ ಕೂತು, ಮಕ್ಕಳು ಪರರ ಪಾಲಾಗಬಾರದು, ಸೊಸೆ ಮನೆ ಬಿಟ್ಟು ಹೋಗಬಾರದು ಎಂದು ಹಳೆಯ ಮಾತನ್ನು ಎತ್ತಿದರು. ಅಲ್ಲಿಯವರೆಗೆ ಅತ್ತಿಗೆ ಎಂದು ಕರೆದವಳನ್ನು ಮೆದೆರ್ ಮದುವೆಯಾಗಬೇಕು. ಅವನು ಊರಿಂದ ತಿರುಗಿ ಬಂದು ಒಂದು ವಾರ ಸುಮ್ಮನೆ ಕೆಲಸ ಮಾಡಿದ. ಬುಧವಾರ ಚಹಾದ ಹೊತ್ತಿಗೆ ಎಲ್ಲರ ಮುಂದೆ “ಕುಬಾತ್ ಬಾಯ್ಕೆ, ನಾನು ಊರಿಗೆ ಹೋಗ್ತೀನಿ, ಇನ್ನು ಬರಲ್ಲ” ಎಂದ. ಬಾಯ್ಕೆ ಎಂದರೆ ಅಣ್ಣ. ಅವತ್ತು ಆ ಪದವನ್ನು ಅವನು ತಡೆದು ತಡೆದು ಹೇಳಿದ. ಬುರುಲ್ ಏನಾದರೂ ಹೇಳಬೇಕಿತ್ತು. “ಒಳ್ಳೇದಾಯ್ತು, ಮಕ್ಕಳು ಪಾಪ” ಎಂದು ಹೇಳಿದಳು. ಅದನ್ನು ನೆನೆದು ಅವಳು ಎಷ್ಟು ಸಲ ನಾಲಿಗೆ ಕಚ್ಚಿಕೊಂಡಿದ್ದಾಳೋ ಲೆಕ್ಕವಿಲ್ಲ.

ಈಗ ಅವಳಿಗೆ ಬೇಕಾದದ್ದು ಒಂದೇ. ಈ ಸಾಲು ಎಂದಿನದು? ಮೆದೆರ್ ಮೊದಲೂ ನಾಲ್ಕಾರು ಸಲ ಕೆಲಸ ಬಿಟ್ಟು ಅಲ್ಮಾಟಿಗೆ ಹೋಗ್ತೀನಿ, ಇಲ್ಲಾ ಊರಲ್ಲಿ ಕುರಿ ಕಾಯ್ತೀನಿ ಎಂದು ಹೆದರಿಸಿದ್ದವನೇ. ಆಗಿನದಾದರೆ ತಮಾಷೆ. ಆ ಕೊನೆಯ ವಾರದ್ದಾದರೆ ತಮಾಷೆಯಲ್ಲ, ಅವನ ಜೀವಮಾನದ ಪ್ರಶ್ನೆ. ಅವಳು ಸಾಲಿನ ಮೇಲೆ ಒತ್ತಿ ಚರಿತ್ರೆ ಕೇಳಿದಳು. ಯಂತ್ರ ಹೇಳಿತು: ಬರೆದವರು ಬುರುಲ್, ಕಳೆದ ಮಾರ್ಚ್ ಹದಿನಾಲ್ಕು.

ಅದು ಅವಳೇ ಮಾಡಿಕೊಂಡ ಕೆಲಸ. ಮಾರ್ಚಿನಲ್ಲಿ ಕುಬಾತ್‌ನ ಮೇಜಿನ ಕೆಳಗೆ ಪ್ರೋಗ್ರಾಂ ಇಟ್ಟಿದ್ದ ಹಳೆಯ ಕಂಪ್ಯೂಟರ್ ಗೊರಗೊರ ಸದ್ದು ಮಾಡತೊಡಗಿದಾಗ ಎಲ್ಲವನ್ನೂ ಹೊಸ ಜಾಗಕ್ಕೆ ಸಾಗಿಸಿದವಳು ಅವಳು. ಚರಿತ್ರೆ ಸಮೇತ ಸಾಗಿಸಲು ಎರಡು ದಿನ ಬೇಕು, ಬರೀ ಈಗಿನ ರೂಪ ಸಾಕೆಂದರೆ ಹತ್ತು ನಿಮಿಷ. “ಹಳೇದ್ಯಾಕೆ, ಸತ್ತೋರ ಜಾತಕ” ಎಂದ ಕುಬಾತ್. ಅವಳಿಗೂ ಮನೆಗೆ ಹೋಗುವ ಅವಸರ. ಹತ್ತು ನಿಮಿಷದಲ್ಲಿ ಮುಗಿಸಿದಳು, ಹಳೆಯ ಯಂತ್ರ ಗುಜರಿಗೆ ಹೋಯಿತು, ಹದಿನಾಲ್ಕು ವರ್ಷದ ಪ್ರತಿಯೊಂದು ಸಾಲೂ ಒಂದೇ ದಿನ ಅವಳ ಹೆಸರಿಗೆ ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ.

“ಎಜೆ, ಮುಖ ಯಾಕೆ ಹಂಗಿದೆ?” ಎಂದು ಪಕ್ಕದ ಮೇಜಿನ ಬೆಗಿಮಾಯ್ ಕೇಳಿದಳು. ಕೆಲಸಕ್ಕೆ ಸೇರಿ ಎರಡು ವರ್ಷವಾದ ಅವಳಿಗೆ ಬುರುಲ್ ಎಜೆ, ಎಂದರೆ ಅಕ್ಕ.

“ಗಾಳಿ ಲೆಕ್ಕ ಕೂಡ್ತಿಲ್ಲ.”

“ಪ್ರೋಗ್ರಾಂ ಬರೆಯೋ ಎಐಗೇ ಕೊಡಿ, ಅದೇ ಬರ್ಕೊಡುತ್ತೆ. ಈಗ ಎಲ್ಲಾ ಕಡೆ ಹಂಗೇ. ಆ ಹಳೇ ಟಿಪ್ಪಣಿಗಳನ್ನೂ ಒಂದೇ ಏಟಿಗೆ ತೆಗೆದುಹಾಕುತ್ತೆ.”

“ಬರ್ಕೊಡುತ್ತೆ, ಬರ್ಕೊಡುತ್ತೆ” ಎಂದ ಕುಬಾತ್, ಚಹಾ ಬಗ್ಗಿಸುತ್ತ. “ನಾಳೆ ಹಿಮದಡಿ ಬಸ್ಸು ಸಿಕ್ಕಿದ್ರೆ ಜೈಲಿಗೂ ಅದೇ ಹೋಗುತ್ತಾ ಕೇಳು.”

“ಟಿಪ್ಪಣಿ ಯಾರೂ ಮುಟ್ಟೋ ಹಾಗಿಲ್ಲ” ಎಂದಳು ಬುರುಲ್. ಅವಳ ದನಿ ಅಷ್ಟು ಗಡುಸಾಗಿದ್ದನ್ನು ಬೆಗಿಮಾಯ್ ಎಂದೂ ಕೇಳಿರಲಿಲ್ಲ.

ಒಂದು ದಾರಿ ಉಳಿದಿತ್ತು, ಅದು ಬುರುಲ್‌ಗೆ ಮೊದಲ ಗಳಿಗೆಯಲ್ಲೇ ಹೊಳೆದಿತ್ತು. ಈ ಕಸುಬಿನಲ್ಲಿ ಕೆಲಸಗಾರರೆಲ್ಲರ ಕಂಪ್ಯೂಟರಿನಲ್ಲೂ ಪ್ರೋಗ್ರಾಮಿನ ಪೂರ್ತಿ ನಕಲು ಇರುತ್ತದೆ, ನಕಲಿನ ಜೊತೆಗೆ ಅಂದಿನವರೆಗಿನ ಚರಿತ್ರೆಯೂ ಇರುತ್ತದೆ. ಮಾರ್ಚಿನಲ್ಲಿ ಕಚೇರಿಯವರೆಲ್ಲ ಹಳೆಯ ನಕಲು ಅಳಿಸಿ ಹೊಸದನ್ನು ಹಾಕಿಕೊಂಡಿದ್ದರು, ಬುರುಲ್‌ನ ಲ್ಯಾಪ್‌ಟಾಪಂತೂ ಹೊಸದು. ಮೆದೆರ್ ಮಾತ್ರ ಹಳೆಯದನ್ನು ಊರಿಗೆ ಒಯ್ದಿದ್ದ. ಅವನಿಗೆ ಫೋನ್ ಮಾಡಬೇಕು, ಅಷ್ಟೇ. ಆ ಅಷ್ಟಕ್ಕೇ ಅವಳಿಗೆ ಮೂರು ದಿನ ಹಿಡಿಯಿತು. ಪ್ರತಿವರ್ಷ ವಸಂತದ ನೂರೂಜ್ ಹಬ್ಬಕ್ಕೆ ಅವನಿಂದ ಒಂದು ಸಾಲಿನ ಶುಭಾಶಯ, ಅವಳಿಂದ ಒಂದು ಸಾಲು. ಐದು ವರ್ಷದಲ್ಲಿ ಬೇರೆ ಮಾತಿಲ್ಲ.

“ಏನಮ್ಮಾ, ರಸ್ತೆ ಮುಚ್ಚಿದ್ಯಾ?” ಎಂದ ಮೆದೆರ್, ನಿನ್ನೆ ಬಿಟ್ಟ ಮಾತನ್ನು ಎತ್ತಿಕೊಂಡವನಂತೆ.

“ಇನ್ನೂ ಇಲ್ಲ. ನಿನ್ನ ಕುರಿಗಳು ಹೇಗಿವೆ?”

“ನನ್ನಷ್ಟೇ ಬುದ್ಧಿವಂತರು. ಒಂದೂ ಸುದ್ದಿ ಓದಲ್ಲ.”

ಅವಳಿಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ರಸ್ತೆ ಇಲಾಖೆಯವರು ಹಳೆಯ ಚರಿತ್ರೆ ಕೇಳುತ್ತಿದ್ದಾರೆ, ನಿನ್ನ ಲ್ಯಾಪ್‌ಟಾಪ್ ಒಂದು ವಾರ ಬೇಕು ಎಂದು ಸುಳ್ಳು ಹೇಳಿದಳು.

“ಮಕ್ಕಳು ಅದ್ರಲ್ಲಿ ಕಾರ್ಟೂನ್ ನೋಡ್ತಾರೆ. ಆದ್ರೆ ಕೆಲಸದ್ದೇನೂ ಅಳಿಸಿಲ್ಲ” ಎಂದ ಮೆದೆರ್. “ಅಳಿಸೋಕೆ ಮನಸ್ಸು ಬರ್ಲಿಲ್ಲ.”

ಎರಡನೆಯ ದಿನ ಮೆದೆರ್‌ನ ಊರಿರುವ ನಾರಿನ್ ಕಡೆಯಿಂದ ಬಂದ ಬಾಡಿಗೆ ಕಾರಿನ ಚಾಲಕ ಬಸ್ ನಿಲ್ದಾಣದಲ್ಲಿ ಅವಳ ಕೈಗೆ ಗಂಟೊಂದನ್ನು ಕೊಟ್ಟ. ಉಣ್ಣೆ ಶಾಲಿನಲ್ಲಿ ಸುತ್ತಿದ ಲ್ಯಾಪ್‌ಟಾಪ್, ಪಾಸ್‌ವರ್ಡ್ ಬರೆದ ಚೀಟಿ, ಜೊತೆಗೆ ಒಂದು ಚೀಲ ಕುರುತ್, ಎಂದರೆ ಒಣಗಿಸಿದ ಉಪ್ಪು ಮೊಸರಿನ ಉಂಡೆ. ಚೀಲದ ಮೇಲೆ ಹೆಂಗಸಿನ ಅಕ್ಷರದಲ್ಲಿ “ಬುರುಲ್ ಎಜೆಗೆ, ಜಿಪಾರ್‌ಳಿಂದ” ಎಂದಿತ್ತು. ಮೆದೆರ್‌ನ ಹೆಂಡತಿಯ ಹೆಸರನ್ನು ಅವಳು ಕಂಡದ್ದು ಅವತ್ತೇ ಮೊದಲು. ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು ಎಂದುಕೊಂಡಳು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದ ಮೇಲೆ ಅದನ್ನು ತೆರೆದಳು. ಮುಚ್ಚಳದ ತುಂಬ ಮಕ್ಕಳು ಅಂಟಿಸಿದ ಚಿತ್ರಗಳು. ಗಾಳಿಯ ಫೈಲಿನ ಚರಿತ್ರೆ ಕೇಳಿದಳು. ಕೊನೆಯ ಎರಡು ನಮೂದುಗಳು ಮೇಲೆಯೇ ಇದ್ದವು.

ಮಂಗಳವಾರ, ಸಂಜೆ ಆರು ಇಪ್ಪತ್ತು. ಮೆದೆರ್: ಒಂದು ಟಿಪ್ಪಣಿ ಸೇರಿಸಿದೆ.

ಬುಧವಾರ, ಬೆಳಿಗ್ಗೆ ಒಂಬತ್ತು ಹತ್ತು. ಬುರುಲ್: ಅಚ್ಚುಕಟ್ಟು ಮಾಡಿದೆ.

ಮಂಗಳವಾರ ಎಂದರೆ ಅವನು ಹೋಗುತ್ತೇನೆ ಎಂದ ಹಿಂದಿನ ದಿನ. ಅಷ್ಟಕ್ಕೆ ಅವಳು ಎದೆ ಗಟ್ಟಿ ಮಾಡಿಕೊಂಡೇ ಬಂದಿದ್ದಳು. ಬುಧವಾರದ ಸಾಲಿಗೆ ಮಾತ್ರ ಸಿದ್ಧಳಾಗಿರಲಿಲ್ಲ. ಅದನ್ನು ಎರಡು ಸಲ ಓದಿದ ಮೇಲೆ ನೆನಪಾಯಿತು. ಅವತ್ತು ಇಲಾಖೆಗೆ ಪ್ರೋಗ್ರಾಂ ಒಪ್ಪಿಸುವ ದಿನ. ಬೆಳಿಗ್ಗೆ ಬಂದವಳೇ, ನಿನ್ನೆ ಮೆದೆರ್ ಏನು ಬರೆದ ಎಂದು ನೋಡುವ ಮೊದಲು, ಎಲ್ಲ ಫೈಲುಗಳ ಮೇಲೂ ಪೊರಕೆ ಓಡಿಸಿದ್ದಳು. ಪೊರಕೆ ಎಂದರೆ ಸಾಲುಗಳ ಅಂತರ ಸರಿಮಾಡುವ, ಉದ್ದದ ಸಾಲುಗಳನ್ನು ಕತ್ತರಿಸುವ ಒಂದು ಸಣ್ಣ ಪ್ರೋಗ್ರಾಂ. ಒಂದು ಆಜ್ಞೆ ಕೊಟ್ಟರೆ ತಾನೇ ಗುಡಿಸುತ್ತದೆ. ಇನ್ನೂರ ನಲವತ್ತು ಫೈಲು ಒಟ್ಟಿಗೆ ಬದಲಾದವು, ಮೆದೆರ್‌ನ ಒಂದು ಫೈಲು ಆ ರಾಶಿಯಲ್ಲಿ ಮುಚ್ಚಿಹೋಯಿತು. ಅವನ ಒಂದೇ ಉದ್ದ ಸಾಲನ್ನು ಪೊರಕೆ ನಾಲ್ಕಾಗಿ ಕತ್ತರಿಸಿ ಒಪ್ಪವಾಗಿ ಜೋಡಿಸಿತ್ತು, ಪಕ್ಕದಲ್ಲಿ ಬುರುಲ್‌ನ ಹೆಸರು ಹಾಕಿತ್ತು.

ಅವನು ಬುಧವಾರ ಬೆಳಿಗ್ಗೆ ಉತ್ತರ ಬಂತೇ ಎಂದು ಆ ಫೈಲು ತೆರೆದೇ ತೆರೆದಿರುತ್ತಾನೆ. ತೆರೆದವನಿಗೆ ಕಂಡದ್ದು ಇದು: ಬುರುಲ್ ಅವನ ಮಾತನ್ನು ಮುಟ್ಟಿದ್ದಾಳೆ, ಅಂದವಾಗಿ ಮಡಿಸಿಟ್ಟಿದ್ದಾಳೆ, ಕೆಳಗೆ ಒಂದಕ್ಷರ ಬರೆದಿಲ್ಲ. ಹನ್ನೊಂದಕ್ಕೆ ಚಹಾದ ಹೊತ್ತಿಗೆ ಅವನು ಎದ್ದು ನಿಂತ. ಅದರ ಮೇಲೆ ಅವಳು, ಒಳ್ಳೇದಾಯ್ತು ಅಂದಳು.

ಬುರುಲ್ ಮೆಟ್ಟಿಲಿಳಿದು ಅಂಗಳಕ್ಕೆ ಹೋಗಿ ಫೋನ್ ಮಾಡಿದಳು.

“ಸಿಕ್ತಾ ಇಲಾಖೆಯೋರಿಗೆ ಬೇಕಾದ್ದು?” ಎಂದ ಮೆದೆರ್.

“ಇಲಾಖೆ ಏನೂ ಕೇಳಿಲ್ಲ, ಮೆದೆರ್. ನಂಗೆ ಬೇಕಿತ್ತು. ಗಾಳಿ ಫೈಲ್ ನೋಡ್ದೆ.”

“ಯಾವಾಗ?” ಎಂದ ಮೆದೆರ್.

“ಈ ವಾರ ನೋಡ್ದೆ. ಮೊದಲ್ನೇ ಸಲ. ಆ ಬುಧವಾರ ನಾನು ಪೊರಕೆ ಓಡ್ಸಿದ್ದೆ ಕಣೋ, ಎಲ್ಲಾ ಫೈಲ್ ಮೇಲೂ. ನಿನ್ನ ಸಾಲು ಮುಟ್ಟಿದ್ದು ಅದು. ನಾನು ಓದಿರ್ಲಿಲ್ಲ.” ಉಸಿರು ಎಳೆದುಕೊಂಡಳು. “ಓದಿದ್ರೆ ಬರೀತಿದ್ದೆ. ಒಂದ್ಸಲ ಅಲ್ಲ, ನೂರು ಸಲ ಬರೀತಿದ್ದೆ.”

ಆ ಕಡೆ ನಾಯಿ ಬೊಗಳಿತು. ದೂರದಲ್ಲಿ ಯಾರೋ ಬಾಗಿಲು ಹಾಕಿದರು. ಅವನು ಕೆಮ್ಮಿದ.

“ಐದು ವರ್ಷದಿಂದ ಒಂದು ಮಾತು ಹಿಡ್ಕೊಂಡು ಕೂತಿದ್ದೆ ಬುರುಲ್. ಅವಳು ಓದಿದ್ಲು, ಬೇಡ ಅಂದ್ಲು, ಮುಗೀತು ಅಂತ. ಸಂಕಟ ಆಗ್ತಿತ್ತು. ಆದ್ರೆ ಆ ಮಾತಿನ ಆಸರೆ ಮೇಲೇ ಇಲ್ಲಿ ಮನೆ ಕಟ್ಟಿದ್ದೀನಿ.”

“ನಾನು ಹೇಳ್ಬಾರ್ದಿತ್ತಾ?”

“ಹೇಳ್ಬೇಕಿತ್ತು” ಎಂದ ಮೆದೆರ್, ಮೆಲ್ಲಗೆ. “ಇನ್ಮೇಲೆ ಏನಂದ್ಕೊಂಡು ಇರ್ಲಿ ಅಂತ ಅದನ್ನೂ ನೀನೇ ಹೇಳು.”

ಅವಳಿಗೆ ಬಾ ಎಂದು ಅನ್ನಬೇಕೆನಿಸಿತು, ತುಟಿಯವರೆಗೂ ಬಂತು. ಚೀಲದ ಮೇಲಿನ ಅಕ್ಷರ ನೆನಪಾಗಿ ನುಂಗಿಕೊಂಡಳು. ಅಷ್ಟರಲ್ಲಿ ಆ ಕಡೆ ಒಂದು ಪುಟ್ಟ ಹುಡುಗಿಯ ದನಿ ಅಪ್ಪಾ, ಅಪ್ಪಾ ಎಂದು ಕೂಗಿತು.

“ಬಂದೆ ಕಂದಾ, ಬಂದೆ” ಎಂದ ಮೆದೆರ್. ಫೋನ್ ಮಾತ್ರ ಇಡಲಿಲ್ಲ. ಮಗು ಇನ್ನೂ ಎರಡು ಸಲ ಕೂಗುವವರೆಗೂ ಅವನ ಉಸಿರು ಅವಳ ಕಿವಿಯಲ್ಲಿತ್ತು. ಕೊನೆಗೆ ಫೋನ್ ಇಟ್ಟವಳು ಬುರುಲ್.