ಅಪ್ಪನ ಹಣೆ

ಅಮ್ಮ ಈಗೀಗ ನನಗೆ ಊಟ ಬಡಿಸಿ ಹಿಂದೆ ಸರಿದು ನಿಲ್ಲುತ್ತಾಳೆ. ಅಪ್ಪನಿಗೆ ಬಡಿಸುವಾಗಲೂ ಹಾಗೇ ನಿಲ್ಲುತ್ತಿದ್ದಳು, ಅವನ ಕೈಗೆ ಎಟುಕದಷ್ಟು ದೂರ. ಅಪ್ಪ ಸತ್ತಾಗ ನನಗೆ ದುಃಖವೇನೂ ಆಗಲಿಲ್ಲ, ಪೀಡೆ ತೊಲಗಿತು ಅಂದುಕೊಂಡೆ. ಆದರೆ ಮೂವತ್ತು ದಾಟುತ್ತಲೇ ನನ್ನ ಹಣೆಯ ಎರಡೂ ಮೂಲೆಯಲ್ಲಿ ಕೂದಲು ಹಿಂದಕ್ಕೆ ಹೋಯಿತು, ನೆತ್ತಿ ತೆಳುವಾಯಿತು, ಕನ್ನಡಿಯಲ್ಲಿ ಅವನೇ ಬಂದು ಕೂತ. ಅಮ್ಮ ನನ್ನ ಮುಖ ನೋಡುವುದನ್ನು ಬಿಟ್ಟಳು. ಅವಳು ಮತ್ತೆ ನೋಡಬೇಕು, ನನಗೆ ಬೇಕಿದ್ದುದು ಅಷ್ಟೇ.

ನನ್ನದು ಕಟಿಂಗ್ ಶಾಪ್. "ಏನಪ್ಪಾ, ದೀಪದ ಬುಡದಲ್ಲೇ ಕತ್ತಲಾ?" ಎಂದು ಗಿರಾಕಿಗಳು ನಗುತ್ತಾರೆ. ನಾನೂ ಹಲ್ಲು ಕಿರಿದು ಕತ್ತರಿ ಆಡಿಸುತ್ತೇನೆ.

ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆ.

"ನಿಮ್ಮಲ್ಲಿ ಗಂಡು ಹಾರ್ಮೋನು ಜಾಸ್ತಿ ಏನಿಲ್ಲ. ನೆತ್ತಿ ಕೂದಲಿನ ಬುಡ ಅದನ್ನ ತಡ್ಕೊಳಲ್ಲ, ಅಷ್ಟೆ. ಬುಡ ಕುಗ್ತಾ ಹೋಗುತ್ತೆ, ಕೂದಲು ನೂಲಿನ ಹಾಗೆ ಸಣ್ಣಗಾಗುತ್ತೆ. ಹಿಂದಲೆ ಕೂದಲಿಗೆ ಏನೂ ಆಗಲ್ಲ."

"ಇದು ಅಪ್ಪನಿಂದ ಬಂದಿದ್ದಾ?"

"ಅಪ್ಪನ ಕಡೆಯಿಂದಾನೂ ಬರುತ್ತೆ, ಅಮ್ಮನ ಕಡೆಯಿಂದಾನೂ ಬರುತ್ತೆ."

ಹಚ್ಚಲು ಲೋಷನ್, ನುಂಗಲು ಮಾತ್ರೆ ಬರೆದುಕೊಟ್ಟರು. ಹಿಂದಿನ ಕೂದಲು ತೆಗೆದು ಮುಂದೆ ನೆಡುವುದೂ ಉಂಟಂತೆ. "ಶುರುವಿನಲ್ಲಿ ಇನ್ನೂ ಉದುರಬಹುದು, ಹೆದರಿ ಬಿಡಬೇಡಿ. ಬಿಟ್ಟರೆ ಬಂದಿದ್ದೂ ಹೋಗುತ್ತೆ" ಎಂದರು.

ಉದುರಿತು. ದಿಂಬಿನ ಮೇಲೆ, ಟವೆಲಿನ ಮೇಲೆ, ಎಲ್ಲೆಲ್ಲೂ. ಆತುರಗಾರನಿಗೆ ಬುದ್ಧಿ ಮಟ್ಟ. ಬಾಟಲಿ ಎತ್ತಿ ಗೋಡೆಗೆ ಎಸೆದೆ. ಮರುದಿನ ಅಂಗಡಿಯಲ್ಲಿ ನನ್ನ ಕುರ್ಚಿಯಲ್ಲಿ ನಾನೇ ಕೂತು, ಗಿರಾಕಿಗಳಿಗೆ ಹಿಂದಲೆ ತೋರಿಸುವ ಕೈಗನ್ನಡಿ ಹಿಡಿದು, ಪೂರ್ತಿ ಬೋಳಿಸಿಕೊಂಡೆ. ಅಪ್ಪನ ಗುರುತು ಎಲ್ಲೂ ಸಿಗಲಿಲ್ಲ. ಖುಷಿ ಆಗಬೇಕಿತ್ತು, ತಲೆ ತಣ್ಣಗಾಯಿತು ಅಷ್ಟೆ.

ಮನೆಯಲ್ಲಿ ಅಮ್ಮ ತಟ್ಟೆ ಇಟ್ಟು ಹಿಂದೆ ಸರಿದಳು.

"ಅಮ್ಮಾ, ನನ್ನ ಮುಖ ನೋಡು. ಈಗಲೂ ಅಪ್ಪನ ಹಾಗೆ ಕಾಣ್ತೀನಾ?"

ನೋಡಿದಳು. ಎಷ್ಟೋ ತಿಂಗಳ ಮೇಲೆ ನೋಡಿದಳು.

"ಅಯ್ಯೋ ಹುಚ್ಚಪ್ಪಾ, ಕೂದಲು ನೋಡಿ ಯಾರಾದ್ರೂ ಹೆದರ್ತಾರಾ? ಉಪ್ಪು ಕಮ್ಮಿ ಆದ್ರೆ ನೀನು ತಟ್ಟೆ ತಳ್ತೀಯ. ನಿಮ್ಮಪ್ಪನೂ ಮೊದಮೊದಲು ತಟ್ಟೇನೇ ತಳ್ತಿದ್ದಿದ್ದು."

ನನಗೆ ಒಂದು ಸಲವೂ ನೆನಪಿಲ್ಲ. "ನಾನು ಯಾವಾಗ ತಳ್ಳಿದೆ?" ಎಂದೆ. ದನಿ ಏರಿತೇನೋ. ಅಮ್ಮನ ಕೈ ತಾನಾಗಿಯೇ ಮೇಲೆದ್ದು ಮುಖಕ್ಕೆ ಅಡ್ಡ ನಿಂತಿತು.

ನನಗೆ ಅಳು ಬರಬೇಕಿತ್ತು, ಬರಲಿಲ್ಲ. ತಲೆ ತಗ್ಗಿಸಿ ಉಣ್ಣತೊಡಗಿದೆ.