ಕಣ್ಣು ಮುಚ್ಚಿದ ಮುಹೂರ್ತ

ಹರ್ಷಿತಾ ನೋಡಿದಷ್ಟು ಮದುವೆಗಳನ್ನು ಮೈಸೂರಿನ ಪುರೋಹಿತರೂ ನೋಡಿರಲಾರರು. ಆದರೆ ಒಂದು ಮದುವೆಯಲ್ಲೂ ಅವಳು ಎಲೆಯ ಮುಂದೆ ಕೂತವಳಲ್ಲ. ಅವಳು ಮದುವೆ ನೋಡುತ್ತಿದ್ದುದು ಅಗ್ರಹಾರದ ಮಹಡಿ ಮೇಲಿನ ಒಂದು ಸ್ಟುಡಿಯೋದ ಒಳಕೋಣೆಯಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ. ಬಿಸಿಲು ಬಿದ್ದರೆ ಬಣ್ಣ ತಪ್ಪಿ ಕಾಣುತ್ತದೆಂದು ಆ ಕೋಣೆಗಿದ್ದ ಒಂದೇ ಕಿಟಕಿಗೆ ಯಜಮಾನರು ಕಪ್ಪು ರಟ್ಟು ಹೊಡೆಸಿದ್ದರು. ಕುರ್ಚಿಯ ಒಂದು ಚಕ್ರ ಎಂದೋ ಮುರಿದಿತ್ತು. ಅದರ ಜಾಗದಲ್ಲಿ ಅರ್ಧ ಇಟ್ಟಿಗೆ. ಸಂಜೆ ಎದ್ದಾಗ ಕುತ್ತಿಗೆ ಒಂದು ಕಡೆಗೆ ತಿರುಗಿದರೆ ಇನ್ನೊಂದು ಕಡೆಗೆ ತಿರುಗುತ್ತಿರಲಿಲ್ಲ.

ಒಂದು ಮದುವೆಯೆಂದರೆ ಸಾವಿರಾರು ಫೋಟೋ. ಒಂದೊಂದನ್ನೂ ನೋಡಬೇಕು. ಒಳ್ಳೆಯದನ್ನು ಇಟ್ಟುಕೊಂಡು ಕೆಟ್ಟದ್ದನ್ನು ಎತ್ತಿಹಾಕಬೇಕು. ಆಮೇಲೆ ಇಟ್ಟುಕೊಂಡವುಗಳ ಬಣ್ಣ ಸರಿ ಮಾಡಬೇಕು. ಅಕ್ಕಿ ಆರಿಸುವ ಕೆಲಸವೇ ಇದು. ಅಕ್ಕಿಯೂ ಮನುಷ್ಯರ ಮುಖವೇ, ಕಲ್ಲೂ ಮನುಷ್ಯರ ಮುಖವೇ, ಅಷ್ಟೇ ವ್ಯತ್ಯಾಸ.

ಪಕ್ಕದ ಕುರ್ಚಿಯಲ್ಲಿ ವಾಣಿ. ಅವಳ ಬಾಯಿ ಇರದಿದ್ದರೆ ಆ ಕೋಣೆಯಲ್ಲಿ ಗಾಳಿಯೇ ಇರುತ್ತಿರಲಿಲ್ಲ.

"ಲೇ ಹರ್ಷಿ, ಈ ಮಾವನ್ನ ನೋಡೇ. ಹೋದ ವಾರದ ಮದುವೇಲೂ ಇದ್ದ. ಅದು ಬೇರೆ ಜನ, ಇದು ಬೇರೆ ಜನ."

"ಎರಡೂ ಕಡೆ ನೆಂಟ ಇರಬಹುದು ಕಣೆ."

"ಎರಡೂ ಕಡೆ ಒಬ್ಬಟ್ಟಿನ ನೆಂಟ ಬಿಡು. ಅಂಟಿಕೊಂಡಿರೋ ತುಪ್ಪ ನೋಡು ಮೀಸೇಲಿ."

ಹರ್ಷಿತಾಳ ಅಮ್ಮನೂ ಮದುವೆಗಳಿಗೇ ಹೋಗುತ್ತಿದ್ದಳು, ಹಿಂಬಾಗಿಲಿಂದ. ಕಲ್ಯಾಣಮಂಟಪಗಳಲ್ಲಿ ತರಕಾರಿ ಹೆಚ್ಚುವ ಕೆಲಸ. ಆಷಾಢ ಬಂತೆಂದರೆ ಮದುವೆಯಿಲ್ಲ, ತರಕಾರಿಯಿಲ್ಲ, ಅಮ್ಮನಿಗೆ ಕೆಲಸವಿಲ್ಲ. ವಿದ್ಯಾರಣ್ಯಪುರದ ಆ ಒಂಟಿಕೋಣೆಯ ಮನೆ ಆಗ ಹರ್ಷಿತಾಳ ಸಂಬಳದ ಮೇಲೆಯೇ ನಿಲ್ಲಬೇಕು.

ಯಜಮಾನರು ಸುಂದರೇಶ. ಅವರ ಅಜ್ಜ ಅರಮನೆಯಲ್ಲಿ ಫೋಟೋ ತೆಗೆದವರಂತೆ. ಹಣೆಯಲ್ಲಿ ಕುಂಕುಮ, ಮಾತಿನಲ್ಲಿ ಕಲ್ಲುಸಕ್ಕರೆ. "ನೀವಿಬ್ರೂ ನನ್ನ ಹೆಣ್ಣುಮಕ್ಕಳಿದ್ದ ಹಾಗೆ ಕಣ್ರಮ್ಮ" ಎನ್ನುತ್ತಿದ್ದರು. ಹೆಣ್ಣುಮಕ್ಕಳಿಗೆ ಸಂಬಳ ಏರಿಸುವ ಪದ್ಧತಿ ಅವರ ಮನೆತನದಲ್ಲಿ ಇರಲಿಲ್ಲ.

ಅವರು ಒಂದು ದಿನ ಎಐ ಸಾಫ್ಟ್‌ವೇರು ತಂದರು. ಗಣಪತಿಯ ಫೋಟೋಗೆ ಕೈಮುಗಿದು, ಕಂಪ್ಯೂಟರಿಗೆ ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು ಕುಯ್ದರು.

"ಇನ್ಮೇಲೆ ನಿಮಗೆ ಆರಾಮ. ಆರಿಸೋದೂ ಇದೇ, ಬಣ್ಣ ತಿದ್ದೋದೂ ಇದೇ. ನೀವು ಮಾಡಬೇಕಾದ್ದಿಷ್ಟೇ, ನಿಮ್ಮ ಕೈಯಲ್ಲಿ ಮಾಡಿರೋ ಹಳೇ ಮದುವೆಗಳನ್ನೆಲ್ಲ ಇದಕ್ಕೆ ತೋರಿಸಿ. ನೋಡಿ ನೋಡಿ ಕಲಿಯುತ್ತೆ."

ಇಬ್ಬರೂ ಖುಷಿಯಿಂದ ತೋರಿಸಿದರು. ಕೂಸಿಗೆ ತುತ್ತು ಇಟ್ಟಂತೆ ಒಂದೊಂದೇ ಮದುವೆ ಇಟ್ಟರು. ಕಪ್ಪು ಮೈಬಣ್ಣಕ್ಕೆ ಎಷ್ಟು ಬೆಳಕು, ಕೆಂಪು ಸೀರೆಗೆ ಎಷ್ಟು ಮಬ್ಬು, ಎಲ್ಲವೂ ಅವರ ಕಣ್ಣಿನ ಸಂಪಾದನೆ. ಅದು ಗಬಗಬನೆ ಕಲಿಯಿತು. ಕಲಿತದ್ದಕ್ಕೆ ಹೆಸರಿಡು ಎಂದು ಕೇಳಿತು. ಯಜಮಾನರು ಬಂದು 'ಸುಂದರೇಶ ಸ್ಟೈಲ್' ಎಂದು ಟೈಪು ಮಾಡಿದರು.

"ಸಾಕಿದ್ದು ನಾವು, ನಾಮಕರಣ ಅವರದು" ಎಂದಳು ವಾಣಿ. ಇಬ್ಬರೂ ನಕ್ಕರು. ನಗುವುದು ಅಲ್ಲಿಗೇ ನಿಂತಿತು. ಮರುವಾರ ಯಜಮಾನರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು:

"ಆಷಾಢದಿಂದ ಒಬ್ಬರು ಸಾಕು ನನಗೆ. ಯಾರು ಅಂತ ನಾನು ಹೇಳಿದರೆ ಚೆನ್ನಾಗಿರಲ್ಲ. ನೀವೇ ಅಕ್ಕತಂಗೀರ ಥರ ಮಾತಾಡ್ಕೊಂಡು ತೀರ್ಮಾನಿಸಿ."

ಅಕ್ಕತಂಗಿಯರು ಅಂದಿನಿಂದ ಮಾತಾಡುವುದನ್ನೇ ಬಿಟ್ಟರು. ವಾಣಿ ಡಬ್ಬಿ ತೆರೆದರೆ ಹರ್ಷಿತಾ ಪರದೆ ನೋಡುತ್ತಿದ್ದಳು. ಹರ್ಷಿತಾ ಎದ್ದರೆ ವಾಣಿ ಮೌಸು ಒರೆಸುತ್ತಿದ್ದಳು. ಒಬ್ಬಟ್ಟಿನ ಮಾವ ಮತ್ತೆರಡು ಮದುವೆಗಳಲ್ಲಿ ಉಂಡುಹೋದ. ಅವನನ್ನು ತೋರಿಸಿ ನಗುವವರಿರಲಿಲ್ಲ.

ಮಿಷನ್ನಿನ ಕೈಗೇ ಪೂರ್ತಿ ಬಿಟ್ಟ ಮೊದಲ ಮದುವೆ ನಜರ್‌ಬಾದಿನ ಚೆಲುವಮ್ಮನ ಮಗಳದು. ಚೆಲುವಮ್ಮ ಇಸ್ತ್ರಿ ಗಾಡಿಯವಳು. ದೊಡ್ಡವರ ಮದುವೆಯಲ್ಲಿ ಪ್ರಯೋಗ ಮಾಡಲು ಯಜಮಾನರಿಗೆ ಧೈರ್ಯ ಸಾಲಲಿಲ್ಲ. ಅವರೇ ಕೂತು ಬಟನ್ನು ಒತ್ತಿದರು. 'ಕಣ್ಣು ಮುಚ್ಚಿದವರನ್ನು ತೆಗೆಯಬೇಕೆ?' ಎಂದು ಅದು ಕೇಳಿತು. ಯಾರೋ ಜಡ್ಜರ ಮನೆಯವರು ಕಣ್ಣು ಮುಚ್ಚಿದ ಫೋಟೋ ಕೊಟ್ಟಿರೆಂದು ಹಿಂದೆ ಬೈದು ಹೋಗಿದ್ದರು. "ಒಂದೂ ಬರಕೂಡದು" ಎಂದುಕೊಂಡು ಅದರ ಕೆಳಗೆ ಹೆಚ್ಚು ಕಡಿಮೆ ಮಾಡಲು ಇದ್ದ ಗುಂಡಿಯನ್ನು ಹೆಚ್ಚಿನ ತುದಿಯವರೆಗೆ ಎಳೆದರು. ಪಕ್ಕದಲ್ಲಿ 'ಮುಖದ ಹೊಳಪು' ಎಂದಿದ್ದುದನ್ನೂ ಹಾಗೆಯೇ ಎಳೆದರು.

"ಸಾರ್, ಕಳಿಸೋ ಮುಂಚೆ ನಾವೊಂದ್ಸಲ ಕಣ್ಣಾಡಿಸ್ತೀವಿ" ಎಂದಳು ಹರ್ಷಿತಾ.

"ಮುಟ್ಟಲೇಬೇಡಿ. ಮತ್ತೆ ನೀವೇ ನೋಡೋ ಹಾಗಿದ್ದರೆ ಇದನ್ಯಾಕೆ ತಂದೆ ನಾನು?" ಎಂದು, ಬಾಯಲ್ಲಿದ್ದ ಎಲೆಯಡಿಕೆ ಅಗಿದು ಮುಗಿಸುವುದರೊಳಗೆ ಚೆಲುವಮ್ಮನ ಫೋನಿಗೆ ಫೋಟೋಗಳನ್ನು ಕಳಿಸಿಯೇಬಿಟ್ಟರು.

ಮೂರನೆಯ ದಿನ ಬೆಳಿಗ್ಗೆ ಚೆಲುವಮ್ಮ ಮಹಡಿ ಹತ್ತಿ ಬಂದಳು. ಜೊತೆಗೆ ಅವಳ ನಾದಿನಿ ಬೀರಮ್ಮ. ಸೊಂಟಕ್ಕೆ ಸೆರಗು ಬಿಗಿದಿದ್ದಳು ಬೀರಮ್ಮ, ಜಗಳಕ್ಕೆಂದೇ ಹುಟ್ಟಿದವಳಂತೆ.

"ಸ್ವಾಮಿ, ನನ್ ಮಗ್ಳು ತಾಳಿ ಎಲ್ಲಿ?" ಎಂದಳು ಚೆಲುವಮ್ಮ.

"ಕೂತ್ಕೊಳ್ಳಿ ಕೂತ್ಕೊಳ್ಳಿ. ಏನಾಯ್ತು?" ಎಂದು ಯಜಮಾನರು ವಾಣಿಯತ್ತ ಸನ್ನೆ ಮಾಡಿದರು. ವಾಣಿ ಫ್ಲಾಸ್ಕು ಹಿಡಿದು ಕಾಫಿ ತರಲು ಕೆಳಗಿಳಿದಳು. ಎಡಿಟರಿಗೆ ಆ ಕೆಲಸವೂ ಸೇರಿತ್ತು.

"ವಠಾರ್‌ದವ್ರೆಲ್ಲಾ ಟಿವಿ ಮುಂದ್ ಕೂತ್ಕಂಡು ನೋಡುದ್ವಿ" ಎಂದಳು ಬೀರಮ್ಮ. "ಗಂಡು ಬಂದ, ಹೆಣ್ಣು ಬಂತು. ಇನ್ನೇನ್ ತಾಳಿ ಕಟ್ತಾನೆ ಅನ್ನೋಷ್ಟ್ರಲ್ಲಿ ಎಲ್ರೂ ಪಾಯಸ ಕುಡೀತಾವ್ರೆ! ಬೀಗ್ರು ಏನಂತಾರೆ ಗೊತ್ತಾ? ನಮ್ ಹುಡ್ಗ ತಾಳಿ ಕಟ್ನೋ ಇಲ್ಲ ಬರೀ ಉಂಡ್ ಬಂದ್‌ಬುಟ್ನೋ ಅಂತಾರೆ."

"ಮಗ್ಳು ಮುಖಕ್ಕೆ ಬೇರೆ ಸುಣ್ಣ ಬಳ್ದವ್ರೆ" ಎಂದಳು ಚೆಲುವಮ್ಮ. "ನಾನ್ ಹೆತ್ತಿದ್ದು ಕಪ್ಗಿರೋ ಮಗ್ಳುನ್ನ ಕಣ್ ಸ್ವಾಮಿ. ಇವ್ಳ್ಯಾರೋ ಗೊತ್ತಿಲ್ಲ ನಂಗೆ."

ಯಜಮಾನರು ಹರ್ಷಿತಾಳನ್ನು ಒಳಕೋಣೆಗೆ ಕರೆದರು. ದನಿ ಇಳಿಸಿದರು.

"ನೋಡಮ್ಮ, ಮಿಷನ್ನು ಕೆಡಿಸ್ತು ಅಂತ ಗೊತ್ತಾದರೆ ನಾಳೆಯಿಂದ ಯಾರೂ ನಮ್ಮ ಮೆಟ್ಟಿಲು ಹತ್ತಲ್ಲ. ವಾಣಿ ಕೈತಪ್ಪಿ ಅಳಿಸಿಬಿಟ್ಟಳು ಅಂತ ಹೇಳಿಬಿಡು. ನೀನೇ ಹೇಳಬೇಕು, ಜೊತೇಲಿ ಕೂರೋಳು ನೀನು. ಅವಳನ್ನ ಇವತ್ತೇ ಕಳಿಸಿಬಿಡ್ತೀನಿ. ಆಷಾಢದ ಚಿಂತೆ ಇರಲ್ಲ ನಿನಗೆ. ಆ ಒಬ್ಬಳು ನೀನೇ ಅಂದ್ಕೋ."

ಹರ್ಷಿತಾ ರಟ್ಟು ಹೊಡೆದ ಕಿಟಕಿಯನ್ನು ನೋಡಿದಳು. ಅಮ್ಮನ ಕೈ ನೆನಪಾಯಿತು, ಬೆರಳ ತುದಿಯಲ್ಲೆಲ್ಲ ಬದನೆಕಾಯಿಯ ಕಪ್ಪು. ಒಂದೇ ಒಂದು ಮಾತು. ಬೇಕಾಗಿದ್ದೂ ಅದೇ ಅಲ್ಲವೇ? ಇಷ್ಟು ದಿನ ಡಬ್ಬಿಗೆ ಬೆನ್ನು ತಿರುಗಿಸಿ ಕೂತದ್ದು ಇದಕ್ಕೇ ಅಲ್ಲವೇ? ಹಾಗೆ ಯೋಚಿಸಿದ ಮೇಲೆ ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು.

ಹೊರಗೆ ಬಂದಳು. ವಾಣಿ ಫ್ಲಾಸ್ಕಿನೊಂದಿಗೆ ಆಗಷ್ಟೇ ಬಾಗಿಲಲ್ಲಿದ್ದಳು.

"ಅಮ್ಮಾ, ನಿಮ್ಮ ಫೋಟೋಗಳನ್ನ ನಾನೂ ಮುಟ್ಟಿಲ್ಲ, ವಾಣಿನೂ ಮುಟ್ಟಿಲ್ಲ. ಮುಟ್ಟಬೇಡಿ ಅಂದರು ಸಾರು. ಮಿಷನ್ನು ಆರಿಸಿತು. ಬನ್ನಿ ಒಳಗೆ, ಅದು ಎಸೆದಿದ್ದನ್ನ ತೋರಿಸ್ತೀನಿ."

"ಹರ್ಷಿತಾ!" ಎಂದರು ಯಜಮಾನರು. ಅಷ್ಟರಲ್ಲಿ ಬೀರಮ್ಮ ಅವರನ್ನು ದಾಟಿ ಒಳಗೆ ನುಗ್ಗಿಯಾಗಿತ್ತು.

ಮಿಷನ್ನು ಎಸೆದ ಫೋಟೋಗಳು ಪರದೆಯ ಮೇಲೆ ಹರಡಿಕೊಂಡವು, ಒಂದೊಂದಕ್ಕೂ ಕೆಂಪು ಗೀಟು. ನೋಡಿದರೆ ಮುಹೂರ್ತವೆಲ್ಲ ಅಲ್ಲೇ ಇತ್ತು. ಗಟ್ಟಿಮೇಳ ಎದ್ದ ಮೇಲೆ ಮದುವೆ ಮನೆಯಲ್ಲಿ ಕಣ್ಣು ತೆರೆದಿರುವವರು ಯಾರು? ನಾಲ್ಕು ದಿಕ್ಕಿನಿಂದಲೂ ಅಕ್ಷತೆ ಸುರಿಯುತ್ತದೆ. ಗಂಡು ಕಣ್ಣು ಮುಚ್ಚುತ್ತಾನೆ. ಹೆಣ್ಣು ತಲೆ ತಗ್ಗಿಸಿ ಕಣ್ಣು ಮುಚ್ಚುತ್ತದೆ. ಪುರೋಹಿತರು ಮುಚ್ಚುತ್ತಾರೆ, ಹೆತ್ತವರು ಮುಚ್ಚುತ್ತಾರೆ, ವಾಲಗದವನು ಕೂಡ ಕೆನ್ನೆ ಉಬ್ಬಿಸಿ ಮುಚ್ಚುತ್ತಾನೆ. ಮಿಷನ್ನು ಅಷ್ಟೂ ಜನರನ್ನು ತಿಪ್ಪೆಗೆ ಹಾಕಿತ್ತು. ಪಾಯಸದ ಮುಂದೆ ಕಣ್ಣರಳಿಸಿದವರನ್ನೆಲ್ಲ ಜೋಪಾನ ಮಾಡಿತ್ತು.

ಹರ್ಷಿತಾ ಒಂದನ್ನು ದೊಡ್ಡದು ಮಾಡಿದಳು. ತಾಳಿಯ ದಾರ ಹೆಣ್ಣಿನ ಕತ್ತಿನ ಹಿಂದೆ ಗಂಟಾಗುತ್ತಿತ್ತು. ಪಕ್ಕದಲ್ಲಿ ಚೆಲುವಮ್ಮ, ಕಣ್ಣು ಗಟ್ಟಿಯಾಗಿ ಮುಚ್ಚಿ, ಬಾಯಿ ತೆರೆದು ಅಳುತ್ತಿದ್ದಳು.

ಚೆಲುವಮ್ಮ ಪರದೆಯ ಹತ್ತಿರಕ್ಕೆ ಬಗ್ಗಿದಳು.

"ಇದ ನಾನ್ ನೋಡೇ ಇರ್ನಿಲ್ಲ ಕಣವ್ವ. ನಾನೇ ಸೀರೆ ಉಡ್ಸಿ ಪಕ್ಕದಲ್ಲೇ ನಿಂತಿದ್ದೆ. ಆದ್ರೂ ನೋಡ್ನಿಲ್ಲ. ಈಗ ನೋಡ್ತಾ ಇವ್ನಿ."

ಬೀರಮ್ಮ ಸೊಂಟಕ್ಕೆ ಬಿಗಿದಿದ್ದ ಸೆರಗು ಬಿಚ್ಚಿ ಕಣ್ಣೊರೆಸಿಕೊಂಡಳು.

ಯಜಮಾನರು ಕೆಮ್ಮಿದರು. "ಸರಿ ಸರಿ. ಎಲ್ಲಾ ಇದೆಯಲ್ಲ, ಕಳೆದುಹೋಗಿಲ್ವಲ್ಲ. ಹರ್ಷಿತಾ, ಕೂತು ಇವತ್ತೇ ಆರಿಸಿ ತಿದ್ದಿಕೊಡಮ್ಮ."

ಹರ್ಷಿತಾ ಮೌಸಿನಿಂದ ಕೈ ತೆಗೆದಳು.

"ಆಷಾಢದ ಮಾತು ಏನಾಯ್ತು ಸಾರ್?"

"ಅದೆಲ್ಲ ಈಗ್ಯಾಕೆ? ಗಿರಾಕಿಗಳಿದ್ದಾರೆ."

"ಇರಲಿ ಬಿಡಿ, ಕೇಳ್ಲಿ. ಇದ್ದರೆ ಇಬ್ರೂ ಇರ್ತೀವಿ. ಹೋದ್ರೆ ಇಬ್ರೂ ಹೋಗ್ತೀವಿ." ಹಾಗೆಂದು ಬಾಗಿಲ ಕಡೆಗೆ ನೋಡಿದಳು. "ಅಲ್ವೇನೇ?"

ವಾಣಿ ಫ್ಲಾಸ್ಕನ್ನು ಕೆಳಗಿಟ್ಟಳು. ಎಷ್ಟೋ ದಿನಗಳ ಮೇಲೆ ಅವಳ ಬಾಯಿ ತೆರೆಯಿತು. "ಅಯ್ಯೋ, ಕೇಳ್ತಿದೀಯಾ ಅದನ್ನ! ಬಾರೆ ಈಚೆ."

"ಏನವ್ವ ಸಮಾಚಾರ?" ಎಂದಳು ಬೀರಮ್ಮ. ವಾಣಿ ಎರಡೇ ಮಾತಲ್ಲಿ ಹೇಳಿದಳು.

"ಓಹೋ" ಎಂದಳು ಬೀರಮ್ಮ. "ನಮ್ ಇಸ್ತ್ರಿ ಗಾಡಿ ಪಕ್ಕುಕ್ಕೂ ಯಾವ್ದೋ ಲಾಂಡ್ರಿ ಮಿಷನ್ ಬಂದದೆ ಸ್ವಾಮಿ. ನೀವು ಇವ್ರಿಗೆ ಹೇಳೋದೇನೋ ಕೇಳ್ಬುಟ್ಟೇ ಹೋಯ್ತೀವಿ." ವಧೂವರರನ್ನು ಕೂರಿಸುವ ಬಿಳಿ ಸೋಫಾದ ಮೇಲೆ ಕಾಲು ಮಡಚಿ ಕೂತೇಬಿಟ್ಟಳು. ಚೆಲುವಮ್ಮನೂ ಕೂತಳು.

ಯಜಮಾನರು ಫೋನು ತೆಗೆದರು. ಇನ್ನೊಂದು ಸ್ಟುಡಿಯೋದ ಹಳೆಯ ಎಡಿಟರು ಚನ್ನಬಸವಯ್ಯನವರನ್ನು ಕರೆದರು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರು ಹಾಕಿದರು.

"ಚನ್ನಬಸವಯ್ಯನೋರೇ, ಒಂದು ಮುಹೂರ್ತ ಆರಿಸಿಕೊಡಬೇಕಿತ್ತು, ಈಗಲೇ."

"ನಿಮ್ಮ ಹುಡುಗೀರು ಏನಾದ್ರು ಸಾರ್?"

"ಕೂರಲ್ಲ ಅಂತಾರೆ. ಆಷಾಢದಿಂದ ಒಬ್ಬರು ಸಾಕು ಅಂದಿದ್ದೆ, ಇದ್ದರೆ ಇಬ್ಬರೂ ಇರ್ತಾರಂತೆ."

ಆ ಕಡೆಯಿಂದ ನಗು ಕೇಳಿಸಿತು.

"ನಮ್ಮಲ್ಲೂ ಅದೇ ಮಿಷನ್ನು ತಂದವರೆ ಸಾರ್. ನನಗೂ ಆಷಾಢದ ಮಾತೇ ಹೇಳವರೆ. ಹಾಗೂ ಅನ್ನಬಹುದು ಅಂತ ನನಗೆ ಹೊಳೆದೇ ಇರಲಿಲ್ಲ ನೋಡಿ. ನಾನು ಬರಲ್ಲ ಸಾರ್. ಆ ಮಕ್ಕಳಿಗೆ ನಾನು ಕೇಳಿದೆ ಅಂತ ಹೇಳಿ."

ಫೋನು ಇಟ್ಟಾಯಿತು. ಯಜಮಾನರು ಸುತ್ತಲೂ ನೋಡಿದರು. ಕೊನೆಗೆ ತಾವೇ ಹೋಗಿ ಇಟ್ಟಿಗೆಯ ಕುರ್ಚಿಯಲ್ಲಿ ಕೂತರು. ಕುರ್ಚಿ ವಾಲಿತು. ಮೌಸು ಹಿಡಿದು ಪರದೆಯ ಮೇಲಿನ ಕೆಂಪು ಗೀಟುಗಳನ್ನು ಬಹಳ ಹೊತ್ತು ನೋಡಿದರು.

"ಇದರಲ್ಲಿ ಯಾವುದನ್ನ ಒತ್ತಬೇಕು?" ಎಂದರು.

ಹರ್ಷಿತಾ ಅವರ ಹಿಂದೆಯೇ ನಿಂತಿದ್ದಳು, ವಾಣಿಯ ಭುಜಕ್ಕೆ ಭುಜ ತಾಗಿಸಿಕೊಂಡು.

"ಮೊದಲು ಆಷಾಢದ್ದು ಹೇಳಿ ಸಾರ್" ಎಂದಳು.