ನಿಂತು ಉಣ್ಣುವ ಬೋಗಿ

"ತಲೆ ಕಡೆಯವ್ರು ಸ್ವಲ್ಪ ಹಿಂದಕ್ಕೆ ಬನ್ರಪ್ಪಾ," ಎಂದ ರೈಲು ಕಾರ್ಖಾನೆಯ ಹಳೆಯ ವೆಲ್ಡರ್. ಹೆಣ ಕಟ್ಟಿದ್ದ ಹಲಗೆ ಮತ್ತೊಮ್ಮೆ ಕೌಂಟರಿನ ಮೂಲೆಗೆ ಬಡಿದು ನಿಂತಿತು. ಮನೆಯ ಒಳಕೋಣೆಯಿಂದ ಬೀದಿಬಾಗಿಲಿಗೆ ಇದ್ದದ್ದು ಅದೊಂದೇ ಇಕ್ಕಟ್ಟಿನ ದಾರಿ. ಅದರ ಉದ್ದಕ್ಕೂ ಊಟ ಬಡಿಸುವ ಆ ಮರದ ಕೌಂಟರು.

"ರೈಲಿನ ಊಟದ ಬೋಗೀಲೂ ಇದೇ ಕತೆ ಕಣ್ರೀ," ಹಲಗೆಗೆ ಹೆಗಲು ಕೊಟ್ಟಿದ್ದ ಪೇಂಟರ್ ಏದುಸಿರು ಬಿಟ್ಟ. "ಎದುರಿಗೊಬ್ಬ ಹೊಟ್ಟೆ ಇದ್ದೋನು ಬಂದ್ರೆ, ಇಬ್ರಲ್ಲಿ ಒಬ್ರು ಮುಂದಿನ ಸ್ಟೇಷನ್ನಲ್ಲಿ ಇಳೀಬೇಕು."

ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ಕೌಂಟರಿನ ಆಚೆ, ಒಲೆಯ ಪಕ್ಕ, ಬಂದವರಿಗೆ ಚಹಾ ಸೋಸುತ್ತಿದ್ದ ಸತ್ತವನ ಹೆಂಡತಿ ಪಾತ್ರೆಯನ್ನು ಕೆಳಗಿಟ್ಟಳು.

"ಕೊಯ್ದು ಹಾಕಿ ಈ ಕೌಂಟರನ್ನ."

"ಅಮ್ಮಾ, ಸುಮ್ನಿರು," ಮಗ ಹಲ್ಲು ಕಚ್ಚಿ ಅಂದ. "ಅಪ್ಪನ ಕೈಕೆಲಸ ಅದು. ಇದನ್ನ ನೋಡ್ಕೊಂಡೇ ಅಲ್ವಾ ಅಷ್ಟೂ ಬೋಗಿ ಮಾಡಿದ್ದು?"

"ಗೊತ್ತಪ್ಪಾ. ಅವರಿದ್ದಾಗಂತೂ ಆಗ್ಲಿಲ್ಲ. ಇವತ್ತಾದ್ರೂ ಕೊಯ್ಯಿ."

*

ಆಗ ಮಗ ಇನ್ನೂ ತೊಟ್ಟಿಲಲ್ಲಿದ್ದ. ಕಾರ್ಖಾನೆಗೆ ಹಳೆಯ ಊಟದ ಬೋಗಿಗಳು ಬಂದಿದ್ದವು. ಕಿಟಕಿಗೊಂದು ಮೇಜು, ಎದುರುಬದುರು ಮೆತ್ತನೆಯ ಕುರ್ಚಿ. ಅವನ್ನೆಲ್ಲ ಕಿತ್ತು, ಜನ ನಿಂತು ತಿಂದು ಹೋಗುವ ಕೌಂಟರು ಕೂರಿಸಬೇಕೆಂದು ಅಪ್ಪಣೆಯಾಗಿತ್ತು. ಬಡಗಿಗಳ ಮೇಸ್ತ್ರಿ ಅವಳ ಗಂಡನೇ. ಬುತ್ತಿ ಕೊಡಲು ಹೋದವಳು ಅಂಗಳದಲ್ಲಿ ರಾಶಿ ಬಿದ್ದ ಮೇಜುಗಳನ್ನು ಕಂಡು, ಒಂದರ ಮೇಲೆ ಕೈಯಾಡಿಸಿ ಬಂದಿದ್ದಳು.

"ಗುಜರಿಗೆ ಹೋಗೋದು ತಾನೇ? ಕೇಳಿ ಒಂದು ಮೇಜು, ಎರಡು ಕುರ್ಚಿ ತನ್ನಿ. ನಾವೂ ಎದುರುಬದುರು ಕೂತು ಉಣ್ಣೋಣ."

"ಕೂತು ಉಣ್ಣೋರಿಗೆ ಮಾತು ಜಾಸ್ತಿ. ಬೇಗ ಏಳಲ್ಲ," ಎಂದಿದ್ದ.

ತಂದದ್ದು ಮಾದರಿಗೆಂದು ಮಾಡಿದ ಕೌಂಟರನ್ನು. ಅದರ ಎತ್ತರವನ್ನು ಅವಳ ಮೊಣಕೈಗೆ ಅಳೆದೇ ಗುರುತು ಹಾಕಿಕೊಂಡಿದ್ದ; ಅವನು ಅವಳ ಕೈ ಹಿಡಿದು ಅಷ್ಟು ಹೊತ್ತು ನಿಂತದ್ದು ಅದೊಂದೇ ಸಲ. ಆಮೇಲೆ ದಿನವೂ ಅವನು ಆಚೆ ನಿಂತು ಉಂಡ, ಅವಳು ಈಚೆ ನಿಂತು ಬಡಿಸಿದಳು. ತಟ್ಟೆ ಜಾರದಿರಲೆಂದು ಅಂಚಿಗೆ ಪಟ್ಟಿ ಬೇರೆ ಹೊಡೆದಿದ್ದ, ಮನೆಯೂ ಎಲ್ಲಿಗೋ ಓಡುತ್ತದೆ ಎಂಬಂತೆ.

*

"ಅಕ್ಕ ಹೇಳ್ತಿದಾರಲ್ಲ, ಗರಗಸ ತರ್ಲಾ?" ವೆಲ್ಡರ್ ಕೇಳಿದ.

"ಏನೂ ಬೇಡ," ಮಗ ತಡೆದ. "ಹಲಗೇನ ನೆಟ್ಟಗೆ ಎತ್ತಿ ನಿಲ್ಸಿ, ತಿರುಗುತ್ತೆ."

"ನಾನು ಹೇಳಿದ್ದು ಕೇಳಿಸ್ಲಿಲ್ವೇನೋ?"

"ಆಮೇಲೆ ಮಾತಾಡೋಣಮ್ಮಾ. ಹೊತ್ತಾಯ್ತು."

ಹಗ್ಗ ಬಿಗಿಯಿದೆಯೇ ಎಂದು ನೋಡಿ ಎತ್ತಿದರು. ಮೇಸ್ತ್ರಿ ಮೂಲೆ ದಾಟಿ, ಕೌಂಟರಿನ ಮುಂದೆ, ಎಂದಿನ ಜಾಗದಲ್ಲೇ ನೆಟ್ಟಗೆ ಬಂದು ನಿಂತ. ಕೈ ಬದಲಿಸಿಕೊಳ್ಳಲು ಹೊತ್ತವರು ಅಲ್ಲೇ ತುಸು ತಡೆದರು. ಗದ್ದಕ್ಕೆ ಕಟ್ಟಿದ್ದ ಬಟ್ಟೆ ಸಡಿಲಾಗಿ ಅವನ ಬಾಯಿ ತೆರೆದುಕೊಂಡಿತು.

ಅವಳು ಅಳಬಹುದೆಂದು ಎಲ್ಲರೂ ಕಾದರು. ಅಷ್ಟರಲ್ಲಿ ಅವಳ ಕೈ, ಅವಳನ್ನು ಕೇಳದೆಯೇ, ಒಂದು ತಟ್ಟೆ ತೆಗೆದು ಅವನ ಮುಂದೆ ಇಟ್ಟಾಗಿತ್ತು.